ಟಾನ್ಸಿಲ್ ಶಸ್ತ್ರಚಿಕಿತ್ಸೆ: ರಕ್ತಸ್ರಾವ ತಡೆಯುವ ವಿಧಾನಗಳು

ಟಾನ್ಸಿಲ್ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಹೆಚ್ಚು ಅಂಜುವುದು ರಕ್ತಸ್ರಾವಕ್ಕೆ. ಗ್ರಂಥಿ ತೆಗೆದ ಗುಳಿಯನ್ನು ಹೊಲಿದು ಮುಚ್ಚುವ ರೂಢಿಯಿಲ್ಲ. ತೆರೆದ ಗಾಯವಾಗಿಯೇ ಉಳಿದು, ಸುಮಾರು ಎರಡು ವಾರಗಳಲ್ಲಿ ಅದು ತಾನಾಗಿ ಮಾಯುತ್ತದೆ. ಮುಖದ ಅಪಧಮನಿಯ ಕವಲೊಂದು ಟಾನ್ಸಿಲ್‌ಗೆ ಮುಖ್ಯವಾಗಿ ರಕ್ತ ಒದಗಿಸುತ್ತದೆ. ನಾಲಿಗೆ, ಅಂಗುಳ ಮತ್ತು ಗಂಟಲಿನ ಅಪಧಮನಿಗಳ ಕವಲುಗಳೂ ಅಲ್ಲಿಗೆ ಬಂದು ಸೇರುತ್ತವೆ.

ಮೊದಲ 24 ಗಂಟೆಯೊಳಗಿನದು ಪ್ರಾಥಮಿಕ ರಕ್ತಸ್ರಾವ. ಅನಂತರದ್ದು ದ್ವಿತೀಯಕ, ಗಾಯದ ಮೇಲಿನ ಬಿಳಿಪೊರೆ ಕಳಚುವ 5ರಿಂದ 10ನೇ ದಿನದ ನಡುವೆ ಅದು ಹೆಚ್ಚು. 15 ಕಿಲೋ ತೂಕದ ಮಗುವಿನ ಮೈಯಲ್ಲಿರುವ ರಕ್ತವೇ ಒಂದು ಲೀಟರಿಗೆ ತುಸು ಹೆಚ್ಚು. ಒಂದು ಲೋಟ ಹೋದರೂ ಅಪಾಯ.

ತಡೆ ಶುರುವಾಗುವುದು ಕೊಯ್ಯುವ ರೀತಿಯಲ್ಲೇ. ಟಾನ್ಸಿಲ್‌ನ ಹೊದಿಕೆಗೂ ಹಿಂದಿನ ಸ್ನಾಯುವಿಗೂ ನಡುವೆ ಸಡಿಲವಾದ ತೆಳುಪದರವಿದೆ. ಅದರ ಜಾಡು ಬಿಡದೆ ಬಿಡಿಸಿದರೆ ರಕ್ತ ಕಡಿಮೆ. ಸ್ನಾಯುವಿನೊಳಗೆ ಇಳಿದರೆ ಹೆಚ್ಚು. ಹಳೆಯ ಪದ್ಧತಿಯಲ್ಲಿ ಗ್ರಂಥಿಯ ಬುಡಕ್ಕೆ ತಂತಿಯ ಕುಣಿಕೆ ಬಿಗಿದು, ರಕ್ತನಾಳಗಳನ್ನು ಜಜ್ಜಿಯೇ ಕತ್ತರಿಸುತ್ತಾರೆ. ಬಳಿಕ ಗುಳಿಯಲ್ಲಿ ಗಾಜ್ ಉಂಡೆ ಒತ್ತಿ ಕೆಲವು ನಿಮಿಷ ಕಾಯುತ್ತಾರೆ. ಆಮೇಲೂ ಜಿನುಗುವ ನಾಳವನ್ನು ಆರ್ಟರಿ ಫೋರ್ಸೆಪ್ಸ್‌ನಿಂದ ಹಿಡಿದು, ದಾರದ ಕುಣಿಕೆಯನ್ನು ಅದರ ತುದಿ ದಾಟಿಸಿ, ಗಂಟನ್ನು ಮೆಲ್ಲಗೆ ಒಳಕ್ಕೆ ತಳ್ಳಿ ಬಿಗಿಯುತ್ತಾರೆ. ಬಾಯಿಯ ಆಳದಲ್ಲಿ ಈ ಗಂಟು ಹಾಕಲು ಕೈ ಚೆನ್ನಾಗಿ ಪಳಗಿರಬೇಕು.

ವಿದ್ಯುತ್ ಶಾಖದಿಂದ ನಾಳ ಸುಡುವ ಡಯಾಥರ್ಮಿ ಬಂದ ಮೇಲೆ ಕೆಲಸ ಬೇಗ ಮುಗಿಯತೊಡಗಿತು, ಮೇಜಿನ ಮೇಲೆ ಹೋಗುವ ರಕ್ತವೂ ತಗ್ಗಿತು. ಆದರೆ ಸುಟ್ಟ ಅಂಗಾಂಶ ದಿನಗಳ ನಂತರ ಕಳಚುವಾಗ ನಾಳ ಮತ್ತೆ ಬಾಯಿ ತೆರೆಯಬಹುದು. ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ 2003–04ರಲ್ಲಿ ಸುಮಾರು 34,000 ರೋಗಿಗಳ ಮೇಲೆ ನಡೆದ ರಾಷ್ಟ್ರೀಯ ಸಮೀಕ್ಷೆ ಇದನ್ನು ಬಯಲಿಗೆ ತಂದಿತು: ಶಾಖ ಬಳಸದೆ ಕೊಯ್ದು ನಾಳ ಕಟ್ಟಿದ ರೋಗಿಗಳಲ್ಲಿ ರಕ್ತಸ್ರಾವ ಶೇ. 1.3, ಡಯಾಥರ್ಮಿ ಕತ್ತರಿ ಅಥವಾ ಕೋಬ್ಲೇಷನ್ (ರೇಡಿಯೋ ತರಂಗದ ಶಕ್ತಿಯಿಂದ ಅಂಗಾಂಶ ಕರಗಿಸುವ ವಿಧಾನ) ಬಳಸಿದ ರೋಗಿಗಳಲ್ಲಿ ಶೇ. 4.6ರ ಆಸುಪಾಸು. ಡಯಾಥರ್ಮಿ ಬೇಕೇ ಆದರೆ ಕಡಿಮೆ ಶಕ್ತಿಯಲ್ಲಿ, ರಕ್ತ ಒಸರುವ ಬಿಂದುವಿಗೆ ಮಾತ್ರ ಮುಟ್ಟಿಸುವುದು ಲೇಸು.

ನಿದ್ದೆಯಲ್ಲಿ ಉಸಿರುಕಟ್ಟುವ ಮಕ್ಕಳಿಗೆ ಈಗ ಟಾನ್ಸಿಲ್‌ನ ಹೊದಿಕೆ ಉಳಿಸಿ ಒಳಭಾಗವನ್ನಷ್ಟೇ ತೆಗೆಯುವ ವಿಧಾನ ಹಬ್ಬುತ್ತಿದೆ. ದೊಡ್ಡ ನಾಳಗಳು, ಸ್ನಾಯು ಬಯಲಾಗದ ಕಾರಣ ರಕ್ತಸ್ರಾವ, ನೋವು ಎರಡೂ ಕಡಿಮೆ. ಉಳಿದ ಅಂಗಾಂಶ ಮತ್ತೆ ಬೆಳೆಯಬಹುದೆಂಬುದೇ ಇದರ ಕೊರತೆ.

ಯಾವ ವಿಧಾನವೂ ಅಪಾಯವನ್ನು ಪೂರ್ತಿ ಅಳಿಸದು. ಮಗು ನಿದ್ದೆಯಲ್ಲಿ ಪದೇ ಪದೇ ಗುಟುಕು ನುಂಗುತ್ತಿದ್ದರೆ ಅದು ರಕ್ತವಿರಬಹುದು. ಶಸ್ತ್ರಚಿಕಿತ್ಸೆಯಾದ ಎರಡು ವಾರದೊಳಗೆ ಬಾಯಲ್ಲಿ ಹಸಿರಕ್ತ ಕಂಡರೆ, ತಾನಾಗಿ ನಿಂತಂತೆ ತೋರಿದರೂ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.