‘ಹೇಳಿ’ ಎಂಬ ಒಂದು ಮಾತು: ಪಾಣಿನಿ, ಅನುವಾದ ಯಂತ್ರ ಮತ್ತು ಗಡಿನಾಡ ಕನ್ನಡ

ಮೊದಲಿಗೆ ನನ್ನದೇ ಒಂದು ತಪ್ಪನ್ನು ವಿದ್ವಾಂಸರ ಮುಂದೆ ಒಪ್ಪಿಕೊಳ್ಳಬೇಕು. ಕಾಸರಗೋಡಿನ ಕಡೆಯ ಶಾಲೆಯೊಂದರಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದಾಗ, 1985ರ ನಂತರದ ಕೆಲವು ವರ್ಷ, ಜೂನ್ ತಿಂಗಳಲ್ಲಿ ಹೊಸ ತರಗತಿಗೆ ಹೋದೊಡನೆ “ಕಂಪ್ಯೂಟರಿಗೆ ಎಲ್ಲಕ್ಕಿಂತ ಯೋಗ್ಯವಾದ ಭಾಷೆ ಸಂಸ್ಕೃತ ಅಂತ ಅಮೆರಿಕದವರೇ ಒಪ್ಪಿದ್ದಾರೆ ಮಕ್ಕಳೇ” ಎಂದು ಹೇಳುತ್ತಿದ್ದೆ. ಸಂಸ್ಕೃತಕ್ಕೆ ಸೇರುವ ಮಕ್ಕಳು ಕಡಿಮೆಯಾಗುತ್ತಿದ್ದ ಕಾಲ. ಮಾತು ಕೆಲಸಕ್ಕೆ ಬರುತ್ತಿತ್ತು. ಅದಕ್ಕೆ ಆಧಾರವೆಂದು ಎಲ್ಲರೂ ಹೆಸರಿಸುವ ರಿಕ್ ಬ್ರಿಗ್ಸ್ ಅವರ 1985ರ ಲೇಖನವನ್ನು ನಾನು ಓದಿದ್ದು ಮಾತ್ರ ನಿವೃತ್ತಿಯಾದ ಮೇಲೆ. ಅಲ್ಲಿರುವುದು ಬೇರೆ ವಾದ. ಮೈತ್ರನು ಅನ್ನ ಬೇಯಿಸುತ್ತಾನೆ ಎಂಬಂಥ ವಾಕ್ಯವನ್ನು ನಮ್ಮ ವೈಯಾಕರಣರು ಕ್ರಿಯೆ, ಕರ್ತೃ, ಕರ್ಮ ಎಂದು ಬಿಡಿಸಿ ಶಾಬ್ದಬೋಧ ಹೇಳುವ ಕ್ರಮವಿದೆಯಲ್ಲ, ಅದು ಯಂತ್ರದೊಳಗೆ ಅರ್ಥವನ್ನು ಬರೆದಿಡುವ ಅಂದಿನ ಕ್ರಮಕ್ಕೆ ಹತ್ತಿರವಾಗಿದೆ ಎಂಬುದು. ಹೊಗಳಿಕೆ ಭಾಷೆಗಲ್ಲ, ಶಾಸ್ತ್ರದ ಪದ್ಧತಿಗೆ. 1986ರಲ್ಲಿ ಬೆಂಗಳೂರಿನಲ್ಲಿ ಪಂಡಿತರೂ ಕಂಪ್ಯೂಟರ್ ತಜ್ಞರೂ ಇದೇ ವಿಷಯಕ್ಕಾಗಿ ಒಂದು ಸಮ್ಮೇಳನದಲ್ಲಿ ಕೂಡಿದ್ದರು.

ಈ ಪದ್ಧತಿಯನ್ನು ಹಿಡಿದು ಯಂತ್ರವನ್ನೇ ಕಟ್ಟಹೊರಟವರು ಕಾನಪುರದ ಐ.ಐ.ಟಿ.ಯ ವಿನೀತ ಚೈತನ್ಯ, ರಾಜೀವ ಸಂಗಲ್ ಮತ್ತು ಅವರ ಸಂಗಡಿಗರು. ತಮ್ಮ ಗುಂಪಿಗೆ ‘ಅಕ್ಷರ ಭಾರತೀ’ ಎಂದು ಹೆಸರಿಟ್ಟುಕೊಂಡು, ಪಾಣಿನೀಯ ದೃಷ್ಟಿಯ ಭಾಷಾಸಂಸ್ಕರಣದ ಬಗ್ಗೆ 1995ರಲ್ಲಿ ಗ್ರಂಥವನ್ನೂ ಪ್ರಕಟಿಸಿದರು. ಕೆಲಸ ಮುಂದೆ ಹೈದರಾಬಾದಿಗೆ ಬಂತು. ಅವರ ಯಂತ್ರದ ಹೆಸರು ‘ಅನುಸಾರಕ’. ಅವರು ಮೊದಮೊದಲಿಗೆ ಕೈಗೆತ್ತಿಕೊಂಡ ಜೋಡಿ ಕನ್ನಡ ಮತ್ತು ಹಿಂದಿ ಎಂಬುದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕನ್ನಡವನ್ನು ಸಂಸ್ಕೃತಕ್ಕೆ ತಿರುಗಿಸಿ ಅಲ್ಲಿಂದ ಹಿಂದಿಗೆ ತರುವ ಉಪಾಯವಲ್ಲ ಇದು. ಯಂತ್ರದ ನಡುವೆ ಒಂದು ಸಂಸ್ಕೃತ ವಾಕ್ಯವೂ ಇರಲಿಲ್ಲ.

ಇದ್ದದ್ದು ಅಷ್ಟಾಧ್ಯಾಯಿಯ ಒಂದು ವಿವೇಕ. ಪಾಣಿನಿ ಕಾರಕಗಳನ್ನು ಒಂದನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಹೇಳಿ, ವಿಭಕ್ತಿಗಳನ್ನು ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಬೇರೆಯೇ ಹೇಳುತ್ತಾನೆ. ಸಂಬಂಧ ಬೇರೆ, ಅದನ್ನು ತೋರಿಸುವ ಪ್ರತ್ಯಯ ಬೇರೆ. ‘ಕತ್ತಿಯಿಂದ ಕಡಿದ’ ಎಂಬಲ್ಲಿ ಕರಣ, ‘ಮರದಿಂದ ಬಿದ್ದ’ ಎಂಬಲ್ಲಿ ಅಪಾದಾನ; ಪ್ರತ್ಯಯ ಮಾತ್ರ ಎರಡಕ್ಕೂ ‘ಇಂದ’. (ಪಂಚಮಿಗೆಂದು ‘ದೆಸೆಯಿಂದ’ ಅಂತ ಶಾಲೆಯಲ್ಲಿ ನಾನೂ ಉರುಹೊಡೆಸಿದ್ದೇನೆ. ಮರದ ದೆಸೆಯಿಂದ ಬಿದ್ದವನನ್ನು ನಾನಂತೂ ಕಂಡಿಲ್ಲ.) ಹಿಂದಿಯ ‘ಸೇ’ಯೂ ಎರಡನ್ನೂ ಹೊರುತ್ತದೆ. ಹಾಗಿದ್ದ ಮೇಲೆ ಕನ್ನಡದಿಂದ ಹಿಂದಿಗೆ ಹೋಗುವ ಯಂತ್ರ ಇದು ಕರಣವೋ ಅಪಾದಾನವೋ ಎಂದು ತಲೆ ಕೆಡಿಸಿಕೊಳ್ಳಬೇಕಾದ್ದಿಲ್ಲ, ಓದುವವನೇ ತಿಳಿಯುತ್ತಾನೆ. ಅದೇ ವಾಕ್ಯ ನಮ್ಮ ನೆರೆಯ ಮಲಯಾಳಕ್ಕೆ ಹೋಗಬೇಕಾದರೆ ಸುಲಭವಿಲ್ಲ. ಅಲ್ಲಿ ಕತ್ತಿಗೆ ‘ಕೊಂಡ್’, ಮರಕ್ಕೆ ‘ನಿನ್ನ್’. ಆಗ ಆಕಾಂಕ್ಷೆ, ಯೋಗ್ಯತೆಗಳನ್ನು ನೋಡಿ ಯಂತ್ರವೇ ನಿರ್ಣಯ ಮಾಡಬೇಕಾಗುತ್ತದೆ.

ಇನ್ನೂ ಸೂಕ್ಷ್ಮವಾದದ್ದು ನಮ್ಮ ಕೃದಂತ. ‘ರಾಮ ತಿಂದ ಹಣ್ಣು’, ‘ರಾಮ ತಿಂದ ತಟ್ಟೆ’ ಇವೆರಡರಲ್ಲೂ ಒಂದೇ ‘ತಿಂದ’. ಹಣ್ಣು ಕರ್ಮ, ತಟ್ಟೆ ಅಧಿಕರಣ ಎಂಬುದನ್ನು ಕನ್ನಡ ಬಾಯಿಬಿಟ್ಟು ಹೇಳುವುದಿಲ್ಲ. ಹಿಂದಿಯಲ್ಲಿ ‘ಜೋ’ ಹಾಕಿ ವಾಕ್ಯ ಕಟ್ಟಹೋದರೆ ಅದನ್ನು ಹೇಳಲೇಬೇಕು. ಅನುಸಾರಕದವರು ಊಹೆ ಮಾಡಲಿಲ್ಲ. ‘ಜೋ’ ಪಕ್ಕದಲ್ಲಿ ಒಂದು ನಕ್ಷತ್ರಚಿಹ್ನೆ ಇಟ್ಟು, ‘ಇಲ್ಲಿ ಸಂಬಂಧ ಹೇಳಿಲ್ಲ, ನೀವೇ ತಿಳಿಯಿರಿ’ ಎಂದು ಓದುಗನಿಗೇ ಬಿಟ್ಟರು. ಮೂಲದಲ್ಲಿಲ್ಲದ್ದನ್ನು ಸೇರಿಸಬಾರದು, ಇದ್ದದ್ದನ್ನು ಕಳೆಯಬಾರದು ಎಂಬ ಹಟ. ಬಂದ ಹಿಂದಿ ಸುಂದರವಾಗಿರಲಿಲ್ಲ. ಓದಲು ಸ್ವಲ್ಪ ಅಭ್ಯಾಸ ಬೇಕಿತ್ತು. ಮೈಕಟ್ಟು ಕನ್ನಡದ್ದು, ಬಟ್ಟೆ ಹಿಂದಿಯದು.

ಇದನ್ನು ಹಲವರು ದೋಷವೆಂದರು. ಗಡಿಯಲ್ಲಿ ಬೆಳೆದ ನನಗೆ ಹಾಗೆ ಕಾಣುವುದಿಲ್ಲ. ಸಾಂಗ್ಲಿ ಜಿಲ್ಲೆಯ ಕುಪವಾಡ ಗ್ರಾಮದ ಮಾತುಗಳ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಪ್ರಬಂಧ ಪ್ರಸಿದ್ಧವಾಗಿದೆ. ಅಲ್ಲಿನ ಕನ್ನಡ, ಮರಾಠಿ, ಉರ್ದುಗಳು ತಲೆಮಾರುಗಳ ಒಡನಾಟದಿಂದ ಎಷ್ಟು ಹೊಂದಿಕೊಂಡಿದ್ದವೆಂದರೆ ‘ಸೊಪ್ಪು, ಒಂದಿಷ್ಟು, ಕೊಯ್ದು, ತಗೊಂಡು, ಬಂದೆ’ ಎಂಬ ಕ್ರಮವನ್ನು ಕದಲಿಸದೆ ಪದಕ್ಕೆ ಪದ, ಪ್ರತ್ಯಯಕ್ಕೆ ಪ್ರತ್ಯಯ ಇಟ್ಟರೆ ಇನ್ನೊಂದು ಭಾಷೆಯ ವಾಕ್ಯವೇ ಆಗುತ್ತಿತ್ತು. ‘ಇದು ನಿಮ್ಮ ಮನೆ’ ಎಂದು ನಾವು ನಿಲ್ಲಿಸುವಲ್ಲಿ ಅವರ ಕನ್ನಡ ಮರಾಠಿಯಂತೆ ‘ಐತಿ’ಯನ್ನೂ ಸೇರಿಸುತ್ತಿತ್ತು. ಅನುಸಾರಕ ಕೃತಕವಾಗಿ ಮಾಡಿದ್ದನ್ನು ಅಲ್ಲಿಯ ರೈತರೂ ಕೂಲಿಗಳೂ ಸಹಜವಾಗಿ ಮಾಡಿಟ್ಟಿದ್ದರು.

ಇನ್ನು ನಮ್ಮ ಮನೆಮಾತು. ಕಾಸರಗೋಡಿನ ಹವ್ಯಕರ ಮನೆಯಲ್ಲಿ ‘ಆನು ಬತ್ತೆ ಹೇಳಿ ಅಬ್ಬೆ ಹೇಳಿತ್ತು’ ಎಂದರೆ ‘ನಾನು ಬರುತ್ತೇನೆ ಎಂದು ಅಮ್ಮ ಹೇಳಿದಳು’ ಎಂದರ್ಥ. ಪಠ್ಯಪುಸ್ತಕದ ಪ್ರತ್ಯಯಪಟ್ಟಿ ಮಾತ್ರ ಗೊತ್ತಿರುವ ವಿಶ್ಲೇಷಕದ ಮುಂದೆ ಈ ವಾಕ್ಯ ಇಟ್ಟರೆ ಏನಾದೀತು? ಮೊದಲನೆಯ ‘ಹೇಳಿ’ ನಮ್ಮಲ್ಲಿ ‘ಎಂದು’ ಎಂಬುದರ ಸ್ಥಾನದಲ್ಲಿದೆ. ಅದು ಅದನ್ನು ಕ್ರಿಯೆಯೆಂದೇ ತಿಳಿಯುತ್ತದೆ. ‘ಹೇಳಿತ್ತು’ ಎಂಬುದನ್ನು ನಪುಂಸಕಲಿಂಗವೆಂದು ತೆಗೆದುಕೊಳ್ಳುತ್ತದೆ. ಹೆಣ್ಣಿಗೆ ನಾವು ಬಳಸುವುದೇ ಆ ರೂಪ, ಅದರಲ್ಲಿ ಅಗೌರವ ಏನೂ ಇಲ್ಲ. ತಮಾಷೆಯೆಂದರೆ ದಖನಿ ಮಾತಾಡುವವರು ಇದೇ ಜಾಗದಲ್ಲಿ ‘ಬೋಲ್‌ಕೆ’ ಅನ್ನುತ್ತಾರೆ. ಶಿಷ್ಟ ಕನ್ನಡವನ್ನು ಬಿಟ್ಟು ನಮ್ಮ ‘ಹೇಳಿ’ಯನ್ನು ದಖನಿಗೆ ತಿರುಗಿಸಿದರೆ ಮಾತಿಗೆ ಮಾತು ಸರಿಹೋಗುತ್ತದೆ!

ಸೂತ್ರದ ಯಂತ್ರದಲ್ಲಿ ಈ ತೊಡಕಿಗೆ ಪರಿಹಾರವಿತ್ತು. ಧಾತುವಿನ ರೂಪಪಟ್ಟಿ, ವಿಭಕ್ತಿಯ ಪಟ್ಟಿ, ‘ಹೇಳಿ’ಗೆ ಒಂದು ನಿಯಮ: ಮಾತು ಬಲ್ಲ ಒಬ್ಬ ಮುದುಕಿ, ಬರೆದುಕೊಳ್ಳುವ ಒಬ್ಬ ಮೇಷ್ಟ್ರು ಇದ್ದರೆ ಕೆಲಸ ಶುರುವಾಗುತ್ತಿತ್ತು. ಈಗಿನವು ಬೇರೆ ಜಾತಿಯ ಯಂತ್ರಗಳು. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಎರಡು ಭಾಷೆಗಳ ಲಕ್ಷಗಟ್ಟಲೆ ವಾಕ್ಯಜೋಡಿಗಳನ್ನು ನೋಡಿ ಕಲಿಯುವುದು ಇವುಗಳ ರೀತಿ. ಶಿಷ್ಟ ಕನ್ನಡದಲ್ಲಿ ಇವು ಕೊಡುವ ಓಟ ಅನುಸಾರಕಕ್ಕೆ ಯಾವತ್ತೂ ಬರಲಿಲ್ಲ, ಅದನ್ನು ಒಪ್ಪಲೇಬೇಕು. 2024ರಲ್ಲಿ ತುಳುವೂ ಸೇರಿದ್ದು ನಮ್ಮ ಕಡೆ ಸಂತೋಷದ ಸುದ್ದಿ. ಆದರೆ ಹೆಚ್ಚಾಗಿ ಬಾಯಲ್ಲೇ ಉಳಿದ ಹವ್ಯಕಕ್ಕೆ, ಅಕ್ಕಲಕೋಟೆಯ ಮನೆಗಳ ಕನ್ನಡಕ್ಕೆ, ಅಷ್ಟು ವಾಕ್ಯಜೋಡಿ ಎಲ್ಲಿಂದ ತರುವುದು? ಕಾರಕ ಪೂರ್ತಿ ಮರೆಯಾಗಿಲ್ಲ. ಹೈದರಾಬಾದಿನಲ್ಲಿ ಗುರುತು ಹಾಕಿಟ್ಟ ಹಿಂದಿ ವಾಕ್ಯಭಂಡಾರದಲ್ಲಿ ಕರ್ತೃವಿಗೆ ‘ಕೆ1’, ಕರ್ಮಕ್ಕೆ ‘ಕೆ2’ ಎಂಬ ಚೀಟಿಗಳು ಇವತ್ತೂ ಇವೆ.

ಪಾಣಿನಿ ಪೂರ್ವದವರ ಪ್ರಯೋಗ, ಉತ್ತರದವರ ಪ್ರಯೋಗ ಎಂದು ಹೆಸರು ಹೇಳಿಯೇ ಸೂತ್ರದಲ್ಲಿ ಜಾಗ ಕೊಟ್ಟವನು. ಆ ಧೈರ್ಯದಿಂದ ಈ ಪ್ರಬಂಧದೊಂದಿಗೆ ಒಂದು ನೋಟುಪುಸ್ತಕವನ್ನು ಸಂಪಾದಕರಿಗೆ ಒಪ್ಪಿಸುತ್ತಿದ್ದೇನೆ. ನನ್ನ ಅಕ್ಕನ ಬಾಯಿಂದ ಕೇಳಿ ಬರೆದ ನಲವತ್ತು ಧಾತುಗಳ ರೂಪಗಳು ಅದರಲ್ಲಿವೆ. ‘ಹೋಪದು’, ‘ಬಪ್ಪದು’ ಎರಡು ಪೂರ್ತಿಯಾಗಿವೆ. ಎರಡು ಮೂರು ಕಡೆ ನನ್ನ ರೂಪವೇ ಬೇರೆ ಇತ್ತು. ಅಕ್ಕ ಒಪ್ಪಲಿಲ್ಲ. ಅಲ್ಲಿ ಅಕ್ಕ ಹೇಳಿದ್ದನ್ನು ಮೇಲೆ, ನನ್ನದನ್ನು ಕೆಳಗೆ ಬರೆದಿದ್ದೇನೆ.