ಪಟ್ಟಾಭಿರಾಮ ರೆಡ್ಡಿ, ತಿಕ್ಕವರಪು (1919–2006)

ಚಲನಚಿತ್ರ ನಿರ್ಮಾಪಕ, ನಿರ್ದೇಶಕ, ತೆಲುಗು ಕವಿ. 1970ರಲ್ಲಿ ತೆರೆಗೆ ಸಿದ್ಧವಾದ 'ಸಂಸ್ಕಾರ' ಚಿತ್ರದ ನಿರ್ಮಾಪಕರೂ ನಿರ್ದೇಶಕರೂ ಇವರೇ. ಅತ್ಯುತ್ತಮ ಕಥಾಚಿತ್ರಕ್ಕೆ ಸಲ್ಲುವ ರಾಷ್ಟ್ರಪತಿಗಳ ಸ್ವರ್ಣಕಮಲವನ್ನು ಕನ್ನಡಕ್ಕೆ ಮೊದಲು ತಂದ ಚಿತ್ರ ಅದು. ತೆಲುಗು ಮನೆಮಾತಿನ, ನ್ಯೂಯಾರ್ಕಿನಲ್ಲಿ ಓದಿದ, ಮದರಾಸಿನಲ್ಲಿ ಚಿತ್ರರಂಗದ ಅನುಭವ ಪಡೆದ ರೆಡ್ಡಿ, ಮಲೆನಾಡಿನ ಅಗ್ರಹಾರದ ಕಥೆಯೊಂದನ್ನು ಸ್ವಿಟ್ಸರ್ಲೆಂಡಿನ ಚಿತ್ರೋತ್ಸವದವರೆಗೂ ಕೊಂಡೊಯ್ದರು. ಕನ್ನಡ ಹೊಸ ಅಲೆಯ ಚರಿತ್ರೆ ಸಾಮಾನ್ಯವಾಗಿ ಆರಂಭವಾಗುವುದು ಇವರ ಹೆಸರಿನಿಂದಲೇ.

ಬಾಲ್ಯ, ಓದು, ಕಾವ್ಯ

ಪಟ್ಟಾಭಿರಾಮ ರೆಡ್ಡಿ 1919ರ ಫೆಬ್ರುವರಿ 19ರಂದು ನೆಲ್ಲೂರಿನ ಸಿರಿವಂತ ಮನೆತನದಲ್ಲಿ ಜನಿಸಿದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದರು. ಇಪ್ಪತ್ತರ ಹರೆಯದಲ್ಲೇ, 1939ರಲ್ಲಿ, 'ಫಿಡೇಲು ರಾಗಾಲ ಡಜನ್' ಎಂಬ ಕವನ ಸಂಕಲನವನ್ನು ಹೊರತಂದರು. ಛಂದಸ್ಸಿನ ಕಟ್ಟನ್ನು ಬೇಕೆಂದೇ ಮುರಿದು ನಗರದ ಬದುಕನ್ನು ನೇರವಾಗಿ ಪದ್ಯಕ್ಕೆ ತಂದ ಈ ಪುಸ್ತಕ ತೆಲುಗಿನ ಆಧುನಿಕ ಕಾವ್ಯದ ಚರ್ಚೆಯಲ್ಲಿ ಇಂದಿಗೂ ಬರುತ್ತದೆ. ಒಪ್ಪಿತ ಮರ್ಯಾದೆಗಳನ್ನು ಪ್ರಶ್ನಿಸುವ ಈ ಗುಣವೇ ಮುಂದೆ ಅವರ ಸಿನಿಮಾದಲ್ಲೂ ಕಾಣಿಸಿಕೊಂಡಿತು.

ತೆಲುಗು ಚಿತ್ರ ನಿರ್ಮಾಣ

ಅವರು ಚಿತ್ರರಂಗಕ್ಕೆ ಬಂದದ್ದು ನಿರ್ಮಾಪಕರಾಗಿ. 'ಪಾತಾಳ ಭೈರವಿ', 'ಮಾಯಾಬಜಾರ್' ಚಿತ್ರಗಳಿಂದ ಮನೆಮಾತಾಗಿದ್ದ ನಿರ್ದೇಶಕ ಕೆ.ವಿ. ರೆಡ್ಡಿ ಅವರ ಜೊತೆಗೂಡಿ 'ಪೆಳ್ಳಿನಾಟಿ ಪ್ರಮಾಣಾಲು' (1958), 'ಶ್ರೀಕೃಷ್ಣಾರ್ಜುನ ಯುದ್ಧಮು' (1963) ಮತ್ತು 'ಭಾಗ್ಯಚಕ್ರಮು' (1968) ಚಿತ್ರಗಳ ನಿರ್ಮಾಣದಲ್ಲಿ ತೊಡಗಿದರು. ಅಕ್ಕಿನೇನಿ ನಾಗೇಶ್ವರರಾವ್, ಜಮುನಾ ನಟಿಸಿದ ಮೊದಲ ಚಿತ್ರಕ್ಕೆ ತೆಲುಗು ವಿಭಾಗದ ರಾಷ್ಟ್ರೀಯ ಮನ್ನಣೆ ದೊರೆಯಿತು. ದೊಡ್ಡ ತಾರೆಯರು, ಸ್ಟುಡಿಯೋ ಸೆಟ್ಟುಗಳು, ಹಾಡುಗಳಿಂದ ಕೂಡಿದ ಈ ವ್ಯವಸ್ಥೆಯ ಒಳಹೊರಗನ್ನು ಹತ್ತು ವರ್ಷಗಳಲ್ಲಿ ಅವರು ಚೆನ್ನಾಗಿ ಅರಿತರು. ಆದರೆ 'ಸಂಸ್ಕಾರ'ಕ್ಕೆ ಕೈಹಾಕಿದಾಗ ಇದಾವುದನ್ನೂ ಬಳಸಲಿಲ್ಲ.

ಪತ್ನಿ ಸ್ನೇಹಲತಾ ರೆಡ್ಡಿ ರಂಗನಟಿ. ಮದರಾಸಿನ ಇಂಗ್ಲಿಷ್ ನಾಟಕ ತಂಡ 'ಮದ್ರಾಸ್ ಪ್ಲೇಯರ್ಸ್' ಕಟ್ಟಿದವರಲ್ಲಿ ಒಬ್ಬರು. ದಂಪತಿಗಳಿಬ್ಬರೂ ರಾಮಮನೋಹರ ಲೋಹಿಯಾ ಅವರ ಸಮಾಜವಾದಕ್ಕೆ ಒಲಿದವರು. ಆಗ ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ಕೆಲಸದಲ್ಲಿದ್ದ ಗಿರೀಶ ಕಾರ್ನಾಡರೂ ಇದೇ ರಂಗ ಬಳಗದವರು. ಯು.ಆರ್. ಅನಂತಮೂರ್ತಿ ಅವರ 'ಸಂಸ್ಕಾರ' (1965) ಕಾದಂಬರಿ ಚಿತ್ರವಾಗಿ ಬೆಳೆದದ್ದು ಈ ಗೆಳೆತನದ ವಲಯದಲ್ಲಿ.

'ಸಂಸ್ಕಾರ'ದ ನಿರ್ಮಾಣ

ಚಿತ್ರ ತಯಾರಾದದ್ದು ಲೋಹಿಯಾ ಅವರ ನೆನಪನ್ನು ಹೊತ್ತ 'ರಾಮಮನೋಹರ ಚಿತ್ರ' ಲಾಂಛನದಲ್ಲಿ. ಚಿತ್ರಕಥೆ ಬರೆದ ಕಾರ್ನಾಡರೇ ಪ್ರಾಣೇಶಾಚಾರ್ಯರ ಪಾತ್ರ ವಹಿಸಿದರು. ಪಿ. ಲಂಕೇಶ್ ನಾರಣಪ್ಪನಾದರು, ಸ್ನೇಹಲತಾ ಚಂದ್ರಿಯಾದರು. ಸರೋದ್ ವಾದಕ ರಾಜೀವ ತಾರಾನಾಥರು ಸಂಗೀತ ನೀಡಿದರೆ, ಕಲಾ ನಿರ್ದೇಶನವನ್ನು ಮದರಾಸಿನ ಚೋಳಮಂಡಲ ಕಲಾಗ್ರಾಮದ ಚಿತ್ರಕಲಾವಿದ ಎಸ್.ಜಿ. ವಾಸುದೇವ್ ವಹಿಸಿಕೊಂಡರು. ಛಾಯಾಗ್ರಹಣ ಆಸ್ಟ್ರೇಲಿಯಾದ ಟಾಮ್ ಕೋವನ್ ಅವರದು. ಸಂಕಲನ ಸ್ಟೀವನ್ ಕಾರ್ಟಾ ಅವರದು. ಇವರಲ್ಲಿ ಹೆಚ್ಚಿನವರು ಗಾಂಧಿನಗರದ ಚಿತ್ರೋದ್ಯಮಕ್ಕೆ ಹೊರಗಿನವರು. ಸಾಹಿತಿಗಳು, ಚಿತ್ರಕಲಾವಿದರು, ಸಂಗೀತಗಾರರು, ವಿದೇಶಿ ತಂತ್ರಜ್ಞರು ಇವರನ್ನೆಲ್ಲ ಒಂದೇ ಕೆಲಸಕ್ಕೆ ಹಚ್ಚಿದ್ದು ನಿರ್ಮಾಪಕರಾಗಿ ರೆಡ್ಡಿಯವರ ದೊಡ್ಡ ಸಾಧನೆ.

ಚಿತ್ರೀಕರಣ ಬಹುಪಾಲು ನಡೆದದ್ದು ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ. ಸೆಟ್ಟು ಹಾಕುವ ಬದಲು ಊರಿನ ಮನೆ, ಜಗಲಿ, ಓಣಿಗಳನ್ನೇ ಬಳಸಿಕೊಂಡರು. ಇಡೀ ಚಿತ್ರ ಕಪ್ಪುಬಿಳುಪಿನಲ್ಲಿದೆ, ಕುಣಿತದ ಹಾಡುಗಳಿಲ್ಲ.

ಕಥೆ ಹೆಣೆದಿರುವುದು ಒಂದು ಹೆಣದ ಸುತ್ತ. ಆಚಾರ ಬಿಟ್ಟು ಚಂದ್ರಿಯೊಡನೆ ಬಾಳಿದ ನಾರಣಪ್ಪ ಸಾಯುತ್ತಾನೆ. ಅವನಿಗೆ ಬಹಿಷ್ಕಾರ ಹಾಕಿರಲಿಲ್ಲವಾದ್ದರಿಂದ ಅಗ್ರಹಾರದವರೇ ಸಂಸ್ಕಾರ ಮಾಡಬೇಕು. ಆದರೆ ಯಾರೂ ಮುಂದೆ ಬರುವುದಿಲ್ಲ. ಹೆಣ ಎತ್ತುವವರೆಗೆ ಊರಲ್ಲಿ ಯಾರೂ ಉಣ್ಣುವಂತಿಲ್ಲ. ಖರ್ಚಿಗೆಂದು ಚಂದ್ರಿ ತನ್ನ ಮೈಮೇಲಿನ ಬಂಗಾರವನ್ನು ಕಳಚಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಮುಂದಿಡುತ್ತಾಳೆ. ತಮಗೇಕೆ ಬೇಡದ ಉಸಾಬರಿ ಎಂದು ಹಿಂದೆ ಸರಿಯುತ್ತಿದ್ದವರ ಕಣ್ಣು ಆ ಬಂಗಾರದ ಮೇಲೆ ಬೀಳುತ್ತದೆ; ಸಂಸ್ಕಾರಕ್ಕೆ ಪೈಪೋಟಿ ಹುಟ್ಟುತ್ತದೆ. ಧರ್ಮಸೂಕ್ಷ್ಮದ ಮಾತಿನ ಅಡಿಯಲ್ಲಿದ್ದ ಆಸೆ ಹೊರಬೀಳುವ ಈ ಸನ್ನಿವೇಶದಲ್ಲಿ ಇಡೀ ಚಿತ್ರದ ತಿರುಳಿದೆ.

ನಿಷೇಧ ಮತ್ತು ಮನ್ನಣೆ

ಸೆನ್ಸಾರ್ ಮಂಡಳಿ ಚಿತ್ರಕ್ಕೆ ಅನುಮತಿ ನಿರಾಕರಿಸಿತು. ಜಾತಿ ವಿಷಯವನ್ನು ನಿಷ್ಠುರವಾಗಿ ಎತ್ತಿಕೊಂಡ ಚಿತ್ರ ಸಮಾಜದಲ್ಲಿ ಉದ್ವೇಗ ಹುಟ್ಟಿಸೀತು ಎಂಬುದು ಅದರ ಆತಂಕ. ಪ್ರಮಾಣಪತ್ರವಿಲ್ಲದೆ ಯಾವ ಚಿತ್ರವನ್ನೂ ಸಾರ್ವಜನಿಕವಾಗಿ ತೋರಿಸುವಂತಿಲ್ಲ. ಹಾಕಿದ ಹಣ, ಮಾಡಿದ ದುಡಿಮೆ ಎರಡೂ ಡಬ್ಬದಲ್ಲೇ ಉಳಿಯುತ್ತವೆ. ಕೊನೆಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ನಿಷೇಧವನ್ನು ತೆಗೆದುಹಾಕಿತು. ತಡೆಹಿಡಿದಿದ್ದ ಅದೇ ಚಿತ್ರಕ್ಕೆ 1970ನೇ ಸಾಲಿನ ಸ್ವರ್ಣಕಮಲ ಸಂದಿತು. 1972ರಲ್ಲಿ ಸ್ವಿಟ್ಸರ್ಲೆಂಡಿನ ಲೊಕಾರ್ನೊ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲೂ ಪ್ರಶಸ್ತಿ ಗಳಿಸಿತು. ಮೂಲ ಕಾದಂಬರಿಗೆ ಎ.ಕೆ. ರಾಮಾನುಜನ್ ಮಾಡಿದ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂದದ್ದು 1976ರಲ್ಲಿ. ಕಾದಂಬರಿಯ ಇಂಗ್ಲಿಷ್ ಪುಸ್ತಕಕ್ಕಿಂತ ಮೊದಲೇ ಸಿನಿಮಾ ಹೊರನಾಡಿಗೆ ಹೋಗಿತ್ತು.

ಕಡಿಮೆ ಬಂಡವಾಳದಲ್ಲಿ, ತಾರೆಯರ ಹಂಗಿಲ್ಲದೆ, ಸಾಹಿತ್ಯ ಕೃತಿಯನ್ನು ನಂಬಿ ಚಿತ್ರ ಮಾಡಬಹುದೆಂಬ ಧೈರ್ಯ ಇದರಿಂದ ಹುಟ್ಟಿತು. 'ವಂಶವೃಕ್ಷ' (1971), 'ಕಾಡು' (1973), 'ಚೋಮನ ದುಡಿ' (1975), 'ಘಟಶ್ರಾದ್ಧ' (1977) ಒಂದರ ಹಿಂದೊಂದು ಬಂದವು. ಕೊನೆಯ ಎರಡೂ ಸ್ವರ್ಣಕಮಲ ಪಡೆದವು.

ತುರ್ತುಪರಿಸ್ಥಿತಿ

1975ರ ತುರ್ತುಪರಿಸ್ಥಿತಿ ಈ ಕುಟುಂಬಕ್ಕೆ ಮರೆಯಲಾಗದ ಗಾಯ ಮಾಡಿತು. ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ಸ್ನೇಹಿತರಾಗಿದ್ದ ಸ್ನೇಹಲತಾ ಅವರನ್ನು, ಫರ್ನಾಂಡಿಸ್ ಮೇಲೆ ಹೂಡಿದ್ದ ಬರೋಡಾ ಡೈನಮೈಟ್ ಪ್ರಕರಣದ ಜಾಡಿನಲ್ಲಿ 1976ರ ಮೇ 2ರಂದು ಬಂಧಿಸಿ, ವಿಚಾರಣೆಯಿಲ್ಲದೆ ಬಂಧನದಲ್ಲಿಡುವ 'ಮೀಸಾ' ಕಾಯ್ದೆಯಡಿ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಇರಿಸಲಾಯಿತು. ಪ್ರಕರಣದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಉಬ್ಬಸದ ರೋಗಿಯಾಗಿದ್ದ ಅವರ ಆರೋಗ್ಯ ಜೈಲಿನಲ್ಲಿ ತೀರಾ ಹದಗೆಟ್ಟಿತು. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದವರು 20ರಂದು ತೀರಿಕೊಂಡರು. ಅವರು ಜೈಲಿನಲ್ಲಿ ಬರೆದಿಟ್ಟ ದಿನಚರಿ ಅದೇ ವರ್ಷ ಪ್ರಕಟವಾಯಿತು. ಅಂದಿನ ಬಂದೀಖಾನೆಯ ಕ್ರೌರ್ಯಕ್ಕೆ ಅದು ಮುಖ್ಯ ಸಾಕ್ಷ್ಯ.

ನಂತರದ ಚಿತ್ರಗಳು

ಲಂಕೇಶರ 'ಕ್ರಾಂತಿ ಬಂತು ಕ್ರಾಂತಿ' ನಾಟಕವನ್ನು ಆಧರಿಸಿದ 'ಚಂಡಮಾರುತ' 1977ರಲ್ಲಿ ಬಂತು. ನಂತರ 'ಶೃಂಗಾರಮಾಸ' (1984) ಮತ್ತು ಕಾಡಿನ ಉಳಿವಿನ ಪ್ರಶ್ನೆ ಎತ್ತಿದ 'ದೇವರ ಕಾಡು' (1993) ಚಿತ್ರಗಳನ್ನು ಮಾಡಿದರು. ಇವು 'ಸಂಸ್ಕಾರ'ದಷ್ಟು ಪ್ರಚಾರ ಪಡೆಯಲಿಲ್ಲ. 2006ರ ಮೇ 6ರಂದು ಬೆಂಗಳೂರಿನಲ್ಲಿ ರೆಡ್ಡಿ ನಿಧನರಾದರು.

ಸ್ಥಾನ

ಸಂಖ್ಯೆಯಿಂದ ಅಳೆದರೆ ರೆಡ್ಡಿಯವರ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು. ಆದರೂ ಕನ್ನಡ ಸಿನಿಮಾ ಅವರಿಗೆ ದೊಡ್ಡ ಋಣದಲ್ಲಿದೆ. ವಿದೇಶಿ ಪ್ರೇಕ್ಷಕರಿಗೆ ಸುಲಭವಾಗಲೆಂದು ಅವರು ಅಗ್ರಹಾರದ ಬದುಕನ್ನು ತಿದ್ದಲಿಲ್ಲ. ಹೊರಗಿನ ಕುಶಲಿಗಳನ್ನು ಇಲ್ಲಿಗೆ ಕರೆಸಿ, ಇಲ್ಲಿನ ಕಥೆಯನ್ನು ಇಲ್ಲಿನ ನುಡಿಯಲ್ಲೇ ಹೇಳಿಸಿದರು. ಅಂತರರಾಷ್ಟ್ರೀಯ ವೇದಿಕೆಗೆ ಹೋಗಲು ಕನ್ನಡ ಚಿತ್ರ ತನ್ನ ನೆಲವನ್ನು ಬಿಡಬೇಕಿಲ್ಲ ಎಂಬುದನ್ನು ಮೊದಲು ತೋರಿಸಿಕೊಟ್ಟ ನಿರ್ಮಾಪಕರಲ್ಲಿ ಅವರ ಸ್ಥಾನ ಮುಂಚೂಣಿಯದು.