ಮೂರು ಬಾರಿ ಹಿಂದಿರುಗಿದ ಹಸ್ತಪ್ರತಿ

ಶಾಲೆಯೊಂದಕ್ಕೆ ನೂರು ವರ್ಷ ತುಂಬಿದಾಗ ನೆಲ ಕೊಟ್ಟವರನ್ನೂ ಕಟ್ಟಡ ಎತ್ತಿಸಿದವರನ್ನೂ ಮುಖ್ಯೋಪಾಧ್ಯಾಯರ ಪರಂಪರೆಯನ್ನೂ ನೆನೆಯುವುದು ಧರ್ಮ. ಆದರೆ ಶಾಲೆಯ ನಿತ್ಯದ ಕೆಲಸಗಳಲ್ಲಿ ಯಾವ ಫಲಕದ ಮೇಲೂ ಹೆಸರು ಉಳಿಯದ ಕೆಲಸವೊಂದುಂಟು. ಅದು ತಿದ್ದುವ ಕೆಲಸ. ಮಕ್ಕಳ ಪುಸ್ತಕಗಳ ರಾಶಿಯನ್ನು ಮುಂದಿಟ್ಟುಕೊಂಡು ಉಪಾಧ್ಯಾಯರು ಕಳೆದ ಸಂಜೆಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಆ ಕೆಲಸದ ಬೆಲೆಯನ್ನು ತೋರುವ ಒಂದು ಹಳೆಯ ಪ್ರಸಂಗವನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ಓದುಗರ ಮುಂದಿಡಬಯಸುತ್ತೇನೆ. ಅದರ ನಾಯಕರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತ ಪ್ರಾಧ್ಯಾಪಕರಾಗಿದ್ದ ಎಂ. ಟಿ. ನಾರಾಯಣ ಅಯ್ಯಂಗಾರ್ಯರು.

ನೆಗಮಂ ಸೇರಿದಂತೆ ಕೊಯಮತ್ತೂರು ಸೀಮೆಯವರಿಗೆ ಈ ಕಥೆ ದೂರದ್ದಲ್ಲ. ಆ ಕಾಲದಲ್ಲಿ ಇಂದಿನ ಈರೋಡು ಕೊಯಮತ್ತೂರು ಜಿಲ್ಲೆಯ ಊರು. ಕೊಳ್ಳೇಗಾಲ ತಾಲ್ಲೂಕು ಕೂಡ 1956ರವರೆಗೆ ಇದೇ ಜಿಲ್ಲೆಗೆ ಸೇರಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ಮದರಾಸು ವಿಶ್ವವಿದ್ಯಾನಿಲಯದ ಅಧೀನದಲ್ಲಿಯೇ ಇತ್ತು. ಮದರಾಸಿನಲ್ಲಿ ಓದಿದವನಿಗೂ ಬೆಂಗಳೂರಿನಲ್ಲಿ ಓದಿದವನಿಗೂ ಪದವಿ ಕೊಡುತ್ತಿದ್ದುದು ಒಂದೇ ವಿಶ್ವವಿದ್ಯಾನಿಲಯ.

1907ರಲ್ಲಿ ವಿ. ರಾಮಸ್ವಾಮಿ ಅಯ್ಯರ್ ಎಂಬ ಸರ್ಕಾರಿ ಅಧಿಕಾರಿಗಳು ಕೆಲವು ಗಣಿತಪ್ರೇಮಿಗಳನ್ನು ಕೂಡಿಸಿ ಸಂಘವೊಂದನ್ನು ಸ್ಥಾಪಿಸಿದರು. ಮುಂದೆ ಭಾರತೀಯ ಗಣಿತ ಸಂಘವಾಗಿ ಬೆಳೆದುದು ಇದೇ. ವಿದೇಶದ ಪತ್ರಿಕೆಗಳನ್ನು ತರಿಸಿ, ಸದಸ್ಯರಿಂದ ಸದಸ್ಯರಿಗೆ ಅಂಚೆಯ ಮೂಲಕ ಕಳುಹಿಸುವುದು ಅದರ ಮೊದಲ ಕೆಲಸಗಳಲ್ಲಿ ಒಂದು. 1909ರಲ್ಲಿ ಸಂಘವು ತನ್ನದೇ ಪತ್ರಿಕೆಯನ್ನು ಆರಂಭಿಸಿತು. ಅದರ ಸಂಪಾದಕತ್ವ ನಾರಾಯಣ ಅಯ್ಯಂಗಾರ್ಯರ ಪಾಲಿಗೆ ಬಂದಿತು.

ಅವರು ಬರಿಯ ಸಂಪಾದಕರಲ್ಲ, ಸ್ವತಃ ಒಳ್ಳೆಯ ರೇಖಾಗಣಿತಜ್ಞರು. ಫ್ರಾಂಕ್ ಮಾರ್ಲಿ ಎಂಬ ಗಣಿತಜ್ಞರು 1899ರ ಸುಮಾರಿಗೆ ಒಂದು ಅಚ್ಚರಿಯ ಸಂಗತಿಯನ್ನು ಕಂಡಿದ್ದರು. ಯಾವುದೇ ತ್ರಿಭುಜದ ಪ್ರತಿಯೊಂದು ಕೋನವನ್ನೂ ಮೂರು ಸಮಭಾಗ ಮಾಡಿದರೆ, ಪ್ರತಿ ಬಾಹುವಿಗೆ ಹತ್ತಿರವಾದ ಎರಡೆರಡು ರೇಖೆಗಳು ಸಂಧಿಸುವ ಮೂರು ಬಿಂದುಗಳು ಸಮಬಾಹು ತ್ರಿಭುಜವೊಂದನ್ನು ರಚಿಸುತ್ತವೆ. ತ್ರಿಭುಜ ಎಷ್ಟೇ ಸೊಟ್ಟಗಿರಲಿ, ಒಳಗಿನದು ಮಾತ್ರ ಸಮಬಾಹು! ನೋಡಲು ಸುಲಭ, ಸಾಧಿಸಲು ಕಠಿಣ. 1909ರಲ್ಲಿ ಲಂಡನ್ನಿನ ‘ಎಜುಕೇಷನಲ್ ಟೈಮ್ಸ್’ ಪತ್ರಿಕೆಯ ಪ್ರಶ್ನೋತ್ತರ ಸಂಪುಟದಲ್ಲಿ ಅಯ್ಯಂಗಾರ್ಯರು ಇದಕ್ಕೆ ಸರಳವಾದ ಸಾಧನೆಯನ್ನು ಪ್ರಕಟಿಸಿದರು. ಅದರ ಬೀಜ ನಮ್ಮ ಪ್ರೌಢಶಾಲೆಯ ಪಾಠದಲ್ಲಿಯೇ ಇದೆ: ವೃತ್ತವೊಂದರ ಸಮನಾದ ಜ್ಯಾಗಳು ಪರಿಧಿಯ ಮೇಲಿನ ಬಿಂದುವಿನಲ್ಲಿ ಸಮನಾದ ಕೋನಗಳನ್ನು ಉಂಟುಮಾಡುತ್ತವೆ. ಸಾಲಾಗಿ ಮೂರು ಸಮ ಜ್ಯಾಗಳಿದ್ದರೆ ಆ ಬಿಂದುವಿನಲ್ಲಿ ಕೋನವು ತಾನಾಗಿ ಮೂರು ಸಮಪಾಲಾಗುತ್ತದೆ. ರೇಖಾಗಣಿತದ ಆಧುನಿಕ ಗ್ರಂಥಗಳು ಇಂದಿಗೂ ಅವರ ಹೆಸರು ಹೇಳಿ ಈ ಸಾಧನೆಯನ್ನು ಬೋಧಿಸುತ್ತವೆ. ಕಠಿಣವಾದುದನ್ನು ಎಲ್ಲರಿಗೂ ತಿಳಿದ ಮಾತಿಗೆ ಇಳಿಸುವುದು ಅವರ ಬುದ್ಧಿಯ ಗುಣವಾಗಿತ್ತು.

ಇಂಥವರ ಕೈಗೆ 1911ರಲ್ಲಿ ಮದರಾಸಿನಿಂದ ಒಂದು ಹಸ್ತಪ್ರತಿ ಬಂದಿತು. ಬರೆದವನು 1887ರಲ್ಲಿ ಈರೋಡಿನ ತಾಯಿಯ ತವರಿನಲ್ಲಿ ಹುಟ್ಟಿದ ಶ್ರೀನಿವಾಸ ರಾಮಾನುಜನ್. ಗಣಿತವೊಂದನ್ನೇ ಹಿಡಿದು ಉಳಿದ ವಿಷಯಗಳನ್ನು ಕೈಬಿಟ್ಟ ಕಾರಣ ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಹೋಗಿತ್ತು. ಮದರಾಸಿನ ಪಚ್ಚಯ್ಯಪ್ಪನ ಕಾಲೇಜು ಸೇರಿದರೂ ಎಫ್. ಎ. ಪರೀಕ್ಷೆ ದಾಟಲಿಲ್ಲ. ಪದವಿಯಿಲ್ಲ, ಉದ್ಯೋಗವಿಲ್ಲ, ಇದ್ದುದು ನೋಟುಪುಸ್ತಕಗಳು ಮಾತ್ರ. ರಾಮಸ್ವಾಮಿ ಅಯ್ಯರ್, ಶೇಷು ಅಯ್ಯರ್, ರಾಮಚಂದ್ರ ರಾವ್ ಮೊದಲಾದ ಸಹೃದಯರು ಆತನನ್ನು ಗುರುತಿಸಿದ್ದರು.

ಆ ವರ್ಷ ಪತ್ರಿಕೆಯಲ್ಲಿ ರಾಮಾನುಜನ್ನರ ಪ್ರಶ್ನೆಯೊಂದು ಅಚ್ಚಾಯಿತು: √(1+2√(1+3√(1+4√(1+…)))) ಇದರ ಬೆಲೆಯೇನು? ತಿಂಗಳುಗಟ್ಟಲೆ ಕಾದರೂ ಯಾರಿಂದಲೂ ಉತ್ತರ ಬರಲಿಲ್ಲ. ಕೊನೆಗೆ ಅವರೇ ತಿಳಿಸಿದರು. ಉತ್ತರ 3. ದಾರಿಯನ್ನು ಎಂಟನೆಯ ತರಗತಿಯ ಮಗುವೂ ನೋಡಬಹುದು. 3ರ ವರ್ಗ 1+2×4. 4ರ ವರ್ಗ 1+3×5. 5ರ ವರ್ಗ 1+4×6. ಒಂದನ್ನು ಇನ್ನೊಂದರೊಳಗೆ ಇಡುತ್ತ ಹೋದರೆ ಪ್ರಶ್ನೆಯೇ ಮೂಡುತ್ತದೆ. ಆದರೆ ಹೀಗೆ ಕೊನೆಯಿಲ್ಲದೆ ಹೋಗಬಹುದೆಂಬುದಕ್ಕೆ ಆಧಾರವೇನು? ಅದನ್ನು ರಾಮಾನುಜನ್ ಹೇಳಲಿಲ್ಲ. ಉತ್ತರ ನಿಜ, ಮೆಟ್ಟಿಲು ಮಾತ್ರ ಕಾಣದು.

ಬೆಂಗಳೂರಿಗೆ ಬಂದ ಲೇಖನದ ಸ್ಥಿತಿಯೂ ಇದೇ. ಅದು ಬರ್ನೂಲಿ ಸಂಖ್ಯೆಗಳನ್ನು ಕುರಿತದ್ದು: 1/6, 1/30, 1/42 ಎಂಬಂತೆ ಸಾಗುವ ಭಿನ್ನರಾಶಿಗಳ ಮಾಲೆ. ಇವುಗಳ ಛೇದದಲ್ಲಿ 2 ಮತ್ತು 3 ಎಂಬ ಅಪವರ್ತನಗಳು ಒಮ್ಮೆ, ಒಮ್ಮೆ ಮಾತ್ರ, ಬರುತ್ತವೆ ಎಂಬಂಥ ಹಲವು ಗುಣಗಳನ್ನು ಆ ತರುಣ ಕಂಡಿದ್ದನು. ಆದರೆ ಬರವಣಿಗೆ ಅತಿ ಸಂಕ್ಷಿಪ್ತ, ವಿಧಾನ ಹೊಸದು, ನಿರೂಪಣೆ ಅಸ್ಪಷ್ಟ. ಸಾಮಾನ್ಯ ಓದುಗ ಹಿಂಬಾಲಿಸಲಾರ. ಇದು ಸ್ವತಃ ಸಂಪಾದಕರೇ ಮುಂದೆ ನೆನಪಿಸಿಕೊಂಡ ಮಾತಿನ ಸಾರ.

ಇಲ್ಲಿ ಅವರ ಮುಂದೆ ಎರಡು ಸುಲಭದ ದಾರಿಗಳಿದ್ದವು. ಅರ್ಥವಾಗದೆಂದು ತಿರಸ್ಕರಿಸಬಹುದಿತ್ತು, ಪದವಿಯಿಲ್ಲದವನ ಲೇಖನವನ್ನು ಬದಿಗಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ಇಲ್ಲವೆ ಪ್ರತಿಭೆಗೆ ಮರುಳಾಗಿ ಬಂದುದನ್ನು ಬಂದಂತೆ ಅಚ್ಚು ಹಾಕಬಹುದಿತ್ತು. ಅಯ್ಯಂಗಾರ್ಯರು ಎರಡನ್ನೂ ಮಾಡದೆ ತಿದ್ದಿಸಲು ಹಿಂದಕ್ಕೆ ಕಳುಹಿಸಿದರು. ಒಮ್ಮೆ ಅಲ್ಲ, ಮೂರು ಬಾರಿ. ನೆಗಮದ ಮಗ್ಗದ ಲಾಳಿಯಂತೆ ಆ ಕಾಗದಗಳು ಮದರಾಸಿಗೂ ಬೆಂಗಳೂರಿಗೂ ನಡುವೆ ಓಡಾಡಿದವು. 1911ರ ಡಿಸೆಂಬರಿನಲ್ಲಿ ರಾಮಾನುಜನ್ನರ ಮೊದಲ ಸಂಶೋಧನ ಲೇಖನ ಬೆಳಕು ಕಂಡಿತು. ಆಗ ಅವರ ವಯಸ್ಸು ಇನ್ನೂ 24 ಮುಟ್ಟುತ್ತಿತ್ತು.

ಅದರ ಫಲ ದೊಡ್ಡದು. 1913ರ ಜನವರಿಯಲ್ಲಿ ರಾಮಾನುಜನ್ ಕೇಂಬ್ರಿಜ್ಜಿನ ಹಾರ್ಡಿಯವರಿಗೆ ಪತ್ರ ಬರೆದರು, 1914ರಲ್ಲಿ ಹಡಗು ಹತ್ತಿದರು. ಮುಂದಿನದು ಜಗತ್ತಿಗೆ ತಿಳಿದಿದೆ. ಆ ಪತ್ರಕ್ಕಿಂತ ಒಂದು ವರ್ಷ ಮೊದಲೇ, ತನ್ನ ಕಾಣ್ಕೆಯನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ಬರೆಯಬೇಕೆಂಬ ಪಾಠ ಅವರಿಗೆ ದೊರೆತಿತ್ತು. ಅದು ತರಗತಿಯಲ್ಲಿ ದೊರೆತುದಲ್ಲ, ಅಂಚೆಯಲ್ಲಿ ಬಂದುದು. ಭಾರತದ ಪತ್ರಿಕೆಯಲ್ಲಿ ಅವರ ಪ್ರಶ್ನೆಗಳು ವರ್ಷಗಳವರೆಗೆ ಬರುತ್ತಲೇ ಇದ್ದವು. ಒಟ್ಟು 50ಕ್ಕೂ ಹೆಚ್ಚು. ಸಂಪಾದಕರಾಗಿ ದುಡಿದ ಅಯ್ಯಂಗಾರ್ಯರು 1930ರಿಂದ 1932ರವರೆಗೆ ಸಂಘದ ಅಧ್ಯಕ್ಷರೂ ಆದರು. 1933ರಲ್ಲಿ ಸಂಘವು ವಿದ್ಯಾರ್ಥಿಗಳಿಗೆಂದೇ ‘ಮ್ಯಾಥಮ್ಯಾಟಿಕ್ಸ್ ಸ್ಟೂಡೆಂಟ್’ ಎಂಬ ಮತ್ತೊಂದು ಪತ್ರಿಕೆಯನ್ನು ಹೊರಡಿಸಿತು.

ಗಡಿನಾಡಿನ ಕನ್ನಡ ಶಾಲೆಗಳಿಗೆ ಈ ಪ್ರಸಂಗ ಏಕೆ ಮುಖ್ಯ? ಕೊಯಮತ್ತೂರು ಸೀಮೆಯಲ್ಲಿ ತಲೆಮಾರುಗಳಿಂದ ಮಗ್ಗ ನಂಬಿದ ಕನ್ನಡದ ಮನೆಗಳಿವೆ. ಅಲ್ಲಿನ ಮಗುವಿಗೆ ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಇನ್ನೊಂದು, ಪರೀಕ್ಷೆಯಲ್ಲಿ ಕೆಲವೊಮ್ಮೆ ಮೂರನೆಯದು. ಇಂಥ ಮಗು ಲೆಕ್ಕದ ಉತ್ತರವನ್ನು ಮನಸ್ಸಿನಲ್ಲಿ ಕಂಡು, ಹೇಳುವ ಮಾತಿಗೆ ತಡವರಿಸಬಹುದು. ಮೆಟ್ಟಿಲು ಬರೆಯದ ಉತ್ತರದ ಮೇಲೆ ಅಡ್ಡಗೆರೆ ಎಳೆಯುವುದು ಅರೆನಿಮಿಷದ ಕೆಲಸ. ‘ಇದು ನಿನಗೆ ಹೇಗೆ ಹೊಳೆಯಿತು, ಬರೆದು ತಾ’ ಎಂದು ಪುಸ್ತಕವನ್ನು ಹಿಂದಿರುಗಿಸಲು ತಾಳ್ಮೆ ಬೇಕು. ಮೂರು ಬಾರಿ ಹಿಂದಿರುಗಿಸಲು ಪ್ರೀತಿಯೇ ಬೇಕು.

ಹಾಸಿನ ನೂಲು ಕಡಿದರೆ ನೇಕಾರನು ಬಟ್ಟೆಯನ್ನು ಎಸೆಯುವುದಿಲ್ಲ. ಮಗ್ಗ ನಿಲ್ಲಿಸಿ, ಎಳೆಯನ್ನು ಹುಡುಕಿ ಗಂಟು ಹಾಕಿ ಮುಂದುವರಿಯುತ್ತಾನೆ. ನೂರು ವರ್ಷ ನಮ್ಮ ಗುರುಗಳು ಮಾಡಿದ್ದು ಇದನ್ನೇ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ಶಾಲೆಯು, ತನಗೆ ಅರ್ಥವಾಗದ ಉತ್ತರವನ್ನು ಬರೆದ ಮಗುವನ್ನು ಮೊದಲು ಕೂರಿಸಿ ಕೇಳಲಿ.